ಹೆಣ್ಣು ಮರಿಯನ್ನೇ ತನ್ನಿ

ಗೋಕಾಕ ಕಡೆಯ ಮಸಗುಪ್ಪಿ ಸುತ್ತಲಿನ ತೋಟದ ಮನೆಗಳಲ್ಲಿ ನಾಯಿ ಇಲ್ಲದ ಮನೆ ಅಪರೂಪ. ಕಬ್ಬಿಗೆ ಹಂದಿ ನುಗ್ಗಿದರೂ, ಪಂಪ್‌ಸೆಟ್ಟಿನ ಕೇಬಲ್ ಕದಿಯಲು ಯಾರಾದರೂ ಬಂದರೂ ಮೊದಲು ಎದ್ದು ಬೊಗಳುವುದು ಅದೇ. ಆದರೆ ಒಮ್ಮೆ ಗಮನಿಸಿ ನೋಡಿ, ಬಾಗಿಲಲ್ಲಿ ಕಟ್ಟಿರುವ ನಾಯಿಗಳಲ್ಲಿ ಹೆಚ್ಚಿನವು ಗಂಡು. ಅವುಗಳ ಜೊತೆಗೇ ಹುಟ್ಟಿದ ಹೆಣ್ಣು ಮರಿಗಳು ಎಲ್ಲಿ ಹೋದವು? ಉತ್ತರ ನಮಗೆಲ್ಲ ಗೊತ್ತು. ಇನ್ನೂ ಹಾಲು ಕುಡಿಯುವ ಮರಿಗಳನ್ನು ಗೊಬ್ಬರದ ಚೀಲದಲ್ಲಿ ಹಾಕಿ ಕಾಲುವೆ ದಂಡೆಗೋ, ಸಂತೆ ಬಯಲಿಗೋ, ಗುಡಿಯ ಹಿಂದಕ್ಕೋ ಬಿಟ್ಟು ಬರುತ್ತಾರೆ. ಕೇಳಿದರೆ, "ಹೆಣ್ಣ ಬ್ಯಾಡ್ರಿ, ವರ್ಷಕ್ಕ ಎರಡ ಸಲ ಈಯತೈತಿ, ಆ ಮರಿ ತಗೊಂಡ ಏನ್ ಮಾಡೂದ್ರಿ?" ಎನ್ನುತ್ತಾರೆ.

ಆ ಕಷ್ಟ ಸುಳ್ಳಲ್ಲ. ಹೆಣ್ಣು ನಾಯಿ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಗರ್ಭ ಕಟ್ಟಿದ ಸುಮಾರು 63 ದಿನಕ್ಕೆ ಐದಾರು ಮರಿ ಹಾಕುತ್ತದೆ. ಆದರೆ ಇದಕ್ಕೆ ಪರಿಹಾರ ಚೀಲವಲ್ಲ, ಒಂದು ಶಸ್ತ್ರಚಿಕಿತ್ಸೆ. ಚೀಲದಲ್ಲಿ ಹೋದ ಮರಿಗಳಲ್ಲಿ ಬದುಕಿ ಉಳಿದವೇ ಮುಂದೆ ಬಸ್‌ಸ್ಟ್ಯಾಂಡಿನಲ್ಲಿ, ಶಾಲೆಯ ಗೇಟಿನಲ್ಲಿ ಮರಿ ಹಾಕುತ್ತವೆ. ಬೀದಿ ನಾಯಿಗಳ ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, 2025ರಲ್ಲಿ ದೇಶವೆಲ್ಲ ಅದರ ಬಗ್ಗೆ ಜಗಳವಾಡಿತು. ಆ ನಾಯಿಗಳು ಹುಟ್ಟಿದ್ದು ನಮ್ಮ ನಿಮ್ಮ ಹಿತ್ತಲಲ್ಲಿ ಎಂಬುದನ್ನು ಮಾತ್ರ ಯಾರೂ ಹೆಚ್ಚು ಮಾತಾಡಲಿಲ್ಲ.

ಇತ್ತೀಚೆಗೆ ಗೋಕಾಕ, ಹುಕ್ಕೇರಿ ಕಡೆಯ ಹುಡುಗರಿಗೆ ಲ್ಯಾಬ್ರಡಾರ್, ರಾಟ್‌ವೀಲರ್ ಹುಚ್ಚು ಹತ್ತಿದೆ. ಸಾವಿರಾರು ರೂಪಾಯಿ ಕೊಟ್ಟು ತರುತ್ತಾರೆ. ನಮ್ಮ ಬೇಸಿಗೆಗೆ ಆ ದಪ್ಪ ತುಪ್ಪಳದ ಪ್ರಾಣಿ ಮೇ ತಿಂಗಳ ಮಧ್ಯಾಹ್ನ ನಾಲಗೆ ಚಾಚಿ ತೇಕುತ್ತ ಬಿದ್ದಿರುತ್ತದೆ. ನಮಗೆ ಅದರ ಅಗತ್ಯವೇ ಇಲ್ಲ. ಪಕ್ಕದ ಬಾಗಲಕೋಟೆ ಜಿಲ್ಲೆಯಲ್ಲೇ ಮುಧೋಳ ಇದೆ. ಅಲ್ಲಿನ ಬೇಟೆ ನಾಯಿಗೆ 2005ರಲ್ಲಿ ಅಂಚೆ ಇಲಾಖೆ ಅಂಚೆಚೀಟಿಯ ಗೌರವ ಕೊಟ್ಟಿತು, ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ. ಆ ರಕ್ತ ತಲೆಮಾರುಗಳಿಂದ ಕುರಿಗಾರರ ಹಿಂದೆ, ಕಬ್ಬಿನ ಗಾಡಿಗಳ ಹಿಂದೆ ಓಡಾಡಿ ನಮ್ಮೂರ ನಾಯಿಗಳಲ್ಲಿ ಬೆರೆತಿದೆ. ಉದ್ದ ಮುಸುಡಿ, ಒಳಗೆ ಸೇದಿದ ಹೊಟ್ಟೆ, ಬಿಲ್ಲಿನಂತೆ ಬಾಗಿದ ಸೊಂಟ ಇರುವ ನಾಯಿ ಎಷ್ಟು ಊರುಗಳಲ್ಲಿ ಸಿಗುವುದಿಲ್ಲ! ಜನ ಇವನ್ನು ಕಂತ್ರಿ ಎಂದು ತಳ್ಳಿಬಿಡುತ್ತಾರೆ. ಈ ಬಿಸಿಲಿಗೆ, ಈ ರೊಟ್ಟಿಗೆ, ಈ ಮಣ್ಣಿಗೆ ಒಗ್ಗಿದ ಪ್ರಾಣಿ ಇದಕ್ಕಿಂತ ಬೇರೆ ಇಲ್ಲ.

ಬೆರಕೆ ನಾಯಿಯ ಗುಣ ಹೇಗಿರುತ್ತದೋ ಎಂಬ ಅಳುಕು ಬೇಡ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅಮೆರಿಕದ ಸಂಶೋಧಕರ ಅಧ್ಯಯನವೊಂದು ಬಂತು. 18,000ಕ್ಕೂ ಹೆಚ್ಚು ನಾಯಿಗಳ ಮಾಲೀಕರನ್ನು ವಿಚಾರಿಸಿ ಅವರು ಕಂಡುಕೊಂಡಿದ್ದು ಇಷ್ಟು: ನಾಯಿಯಿಂದ ನಾಯಿಗೆ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ 9 ಮಾತ್ರ. ಒಂದೇ ತಾಯಿಯ ಒಂದೇ ಸಲದ ಮರಿಗಳಿಗೆ ಬೇರೆ ಬೇರೆ ತಂದೆಯರೂ ಇರಬಹುದು. ಹಾಗಾಗಿ ಮರಿಯ ಬಣ್ಣ ನೋಡಿ ಭವಿಷ್ಯ ಹೇಳುವವರನ್ನು ನಂಬಬೇಡಿ. ತಾಯಿಯನ್ನು ನೋಡಿ. ನೀವು ಹತ್ತಿರ ಹೋದಾಗ ಅದು ಮೈಮೇಲೆ ಬರುತ್ತದೋ, ಹೆದರಿ ಅಡಗುತ್ತದೋ, ಮೂಸಿ ಸುಮ್ಮನಾಗುತ್ತದೋ ಗಮನಿಸಿ.

ಆಮೇಲೆ ಮರಿಯನ್ನು ಕೈಗೆತ್ತಿಕೊಳ್ಳಿ. ಒಸಡು ಗುಲಾಬಿಯಾಗಿರಬೇಕು, ಬಿಳಿಚಿಕೊಂಡಿದ್ದರೆ ಹೊಟ್ಟೆಯಲ್ಲಿ ಜಂತು ಇರಬಹುದು, ಮೈಯಲ್ಲಿ ಉಣ್ಣೆ ರಕ್ತ ಹೀರಿರಬಹುದು. ಕಾಲು ಸಣಕಲಾಗಿ ಹೊಟ್ಟೆ ಮಾತ್ರ ಉಬ್ಬಿದ್ದರೆ ಅದೂ ಜಂತುವಿನ ಲಕ್ಷಣವೇ. ಬೆರಳುಗಳ ಸಂದು ಬಿಡಿಸಿ, ಕಿವಿ ಮಡಚಿ ನೋಡಿ, ಉಣ್ಣೆ ಅಡಗುವುದು ಅಲ್ಲೇ. ಇವೆಲ್ಲ ವಾಸಿಯಾಗುವಂಥವು, ಅದಕ್ಕಾಗಿ ಮರಿಯನ್ನು ಬೇಡವೆನ್ನಬೇಕಾಗಿಲ್ಲ. ಅಂಗಾತ ಹಿಡಿದಾಗ ಸ್ವಲ್ಪ ಕೊಸರಾಡಿ ಸುಮ್ಮನಾಗುವ ಮರಿ ಮಕ್ಕಳಿರುವ ಮನೆಗೆ ಹೊಂದಿಕೊಳ್ಳುತ್ತದೆ ಎನ್ನುತ್ತಾರೆ. ಎಂಟು ವಾರ ತುಂಬುವ ಮೊದಲು ಮಾತ್ರ ತಾಯಿಯಿಂದ ಬಿಡಿಸಬೇಡಿ. ಎಷ್ಟು ಜೋರಾಗಿ ಕಚ್ಚಿದರೆ ಇನ್ನೊಂದಕ್ಕೆ ನೋವಾಗುತ್ತದೆ ಎಂಬುದನ್ನು ಅದು ಕಲಿಯುವುದು ಒಡಹುಟ್ಟಿದವುಗಳ ಜೊತೆ ಆಡುವಾಗ.

ಊರ ನಾಯಿ ಗಟ್ಟಿ, ಅದಕ್ಕೇನೂ ಆಗುವುದಿಲ್ಲ ಎಂಬ ಮಾತು ಎಷ್ಟೋ ಮರಿಗಳನ್ನು ಕೊಂದಿದೆ. ಪಾರ್ವೊ ರೋಗಕ್ಕೆ ಜಾತಿ ಗೊತ್ತಿಲ್ಲ. ವಾಂತಿ, ರಕ್ತಭೇದಿ ಶುರುವಾದರೆ ಎರಡು ಮೂರು ದಿನದಲ್ಲಿ ಮರಿ ಹೋಗಿಬಿಡಬಹುದು. ಆರರಿಂದ ಎಂಟು ವಾರಕ್ಕೆ ಅದರ ಮೊದಲ ಲಸಿಕೆ, ಆಮೇಲೆ ವೈದ್ಯರು ಹೇಳಿದ ದಿನಕ್ಕೆ ಮುಂದಿನವು. ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಅದಾದ ಮೇಲೆ ವರ್ಷಕ್ಕೊಮ್ಮೆ ತಪ್ಪದೆ. 2023ರ ಕೇಂದ್ರದ ನಿಯಮಗಳ ಪ್ರಕಾರ ಸಾಕುನಾಯಿಗೆ ಲಸಿಕೆ ಹಾಕಿಸುವುದು, ಜಂತುನಾಶಕ ಕೊಡಿಸುವುದು ಮಾಲೀಕರ ಹೊಣೆ. ಇನ್ನು ನಾಯಿ ಕಚ್ಚಿದಾಗ ಅರಿಸಿನ, ಸುಣ್ಣ ಮೆತ್ತುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ರೋಗಲಕ್ಷಣ ಕಂಡ ಮೇಲೆ ರೇಬಿಸ್‌ಗೆ ಮದ್ದಿಲ್ಲ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರೊಟ್ಟಿ, ಮಜ್ಜಿಗೆ, ಜೊತೆಗೆ ಒಂದಿಷ್ಟು ಮೊಟ್ಟೆಯೋ ಮಾಂಸವೋ ಇದ್ದರೆ ಸಾಕು. ಆದರೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿದ ಪಲ್ಯದ ಉಳಿಕೆ ಬೇಡ, ಅವು ನಾಯಿಯ ರಕ್ತಕಣ ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ.

ಸರಪಳಿಯ ಬಗ್ಗೆ ಮಾತ್ರ ಹೇಳಲೇಬೇಕು. ಮುಧೋಳದ ರಕ್ತ ಇರುವ ನಾಯಿ ಓಡಲೆಂದೇ ಹುಟ್ಟಿದ್ದು. ಅದನ್ನು ಎರಡು ಮಾರು ಸರಪಳಿಯಲ್ಲಿ ಹಗಲು ರಾತ್ರಿ ಕಟ್ಟಿದರೆ ಕುತ್ತಿಗೆಯ ಕೂದಲು ಉದುರಿ, ಚರ್ಮ ಕೆಂಪಾಗಿ, ಕಡೆಗೆ ಹುಣ್ಣಾಗುತ್ತದೆ. ಸಿಕ್ಕಿದವರನ್ನೆಲ್ಲ ಕಚ್ಚಲು ಹೋಗುವ ನಾಯಿ ಬಹಳ ಸಲ ಹೀಗೇ ತಯಾರಾಗುತ್ತದೆ. ಬೆಳಗ್ಗೆ, ಸಂಜೆ ಹೊಲದ ಸುತ್ತ ಜೊತೆಗೆ ಕರೆದುಕೊಂಡು ಓಡಾಡಿ. ಇನ್ನೊಂದು ಮಾತು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿದ್ದು ನದಿ ದಂಡೆಯ ಯಾರಿಗೂ ಮರೆತಿಲ್ಲ. ನೀರು ಏರುತ್ತಿದೆ ಎಂದು ಮನೆ ಬಿಡುವಾಗ ದನಗಳ ಜೊತೆ ನಾಯಿಯನ್ನೂ ಕರೆದುಕೊಂಡು ಹೋಗಿ. ಆಗದಿದ್ದರೆ ಸರಪಳಿಯನ್ನಾದರೂ ಬಿಚ್ಚಿ ಹೋಗಿ, ಕಟ್ಟಿದ ನಾಯಿಗೆ ಈಜು ಬಂದರೂ ಉಪಯೋಗವಿಲ್ಲ.

ಇನ್ನು ಆ ಶಸ್ತ್ರಚಿಕಿತ್ಸೆ. ಆರು ತಿಂಗಳ ಸುಮಾರಿಗೆ ಹೆಣ್ಣು ಮರಿಗೆ ಸಂತಾನಹರಣ ಮಾಡಿಸಬಹುದು. ಅರಿವಳಿಕೆ ಕೊಟ್ಟು ಗರ್ಭಕೋಶ, ಅಂಡಾಶಯ ತೆಗೆಯುತ್ತಾರೆ. ಹತ್ತು ಹನ್ನೆರಡು ದಿನ ಹೊಲಿಗೆ ನೆಕ್ಕದಂತೆ, ನೆಗೆಯದಂತೆ ನೋಡಿಕೊಂಡರೆ ಮುಗಿಯಿತು. ವಯಸ್ಸಾದ ಹೆಣ್ಣು ನಾಯಿಗಳನ್ನು ಕೊಲ್ಲುವ ಗರ್ಭಕೋಶದ ಕೀವು ಆಮೇಲೆ ಬರುವುದಿಲ್ಲ, ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಕೆಚ್ಚಲ ಗಂಟಿನ ಭಯ ಬಹಳ ಕಡಿಮೆ. ಬಾಗಿಲ ಮುಂದೆ ಗಂಡು ನಾಯಿಗಳ ಹಿಂಡು ಜಗಳಾಡುವುದಿಲ್ಲ. ಕಾವಲು ಕಡಿಮೆಯಾಗುತ್ತದೆ ಎಂಬುದೂ ಸುಳ್ಳು, ಅದು ಮನೆ ಬಿಟ್ಟು ಅಲೆಯದೆ ಇನ್ನೂ ಚೆನ್ನಾಗಿ ಕಾಯುತ್ತದೆ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಅಲ್ಲಿ ಆಗದಿದ್ದರೆ ಎಲ್ಲಿ ಆಗುತ್ತದೆಂದು ವೈದ್ಯರೇ ಹೇಳುತ್ತಾರೆ.

ಒಬ್ಬೊಬ್ಬರೇ ನಾಯಿಯನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗುವುದು ಕಷ್ಟ ಎಂಬುದು ನಿಜ. ಅದಕ್ಕೇ ಗ್ರಾಮ ಪಂಚಾಯಿತಿಗಳಲ್ಲಿ ನನ್ನದೊಂದು ವಿನಂತಿ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಅಂದು ಪಶುವೈದ್ಯರನ್ನು ಕರೆಸಿ ಊರಿನ ನಾಯಿಗಳಿಗೆಲ್ಲ ಲಸಿಕೆ ಹಾಕಿಸಿ, ಸಂತಾನಹರಣ ಮಾಡಿಸಲು ಒಪ್ಪುವ ಮನೆಗಳ ಪಟ್ಟಿಯನ್ನೂ ಅಂದೇ ಬರೆದುಕೊಳ್ಳಿ. ಮತ್ತೆ ಈ ವರ್ಷ ಮರಿ ತರಬೇಕೆಂದು ಇರುವವರು, ಗಂಡು ಮರಿಗೆ ಹತ್ತು ಮನೆಯವರು ಕಾದಿರುತ್ತಾರೆ, ನೀವು ಹೆಣ್ಣು ಮರಿಯನ್ನು ಕೇಳಿ.