ಮಾತಿನ ಮೂಲ: ಮ್ಯಾಕಿಂಟಾಷ್

ಮಳೆಗಾಲ ಬಂತೆಂದರೆ ಮುಂಬಯಿಯ ಮನೆಮನೆಯ ಗೂಟಕ್ಕೂ ಒಂದು ರೇನ್‌ಕೋಟು ನೇತುಬೀಳುತ್ತದೆ. ಇದಕ್ಕೆ ‘ಮ್ಯಾಕಿಂಟಾಷ್’ ಎಂಬ ಇನ್ನೊಂದು ಹೆಸರಿರುವುದನ್ನು ಹಳೆಯ ಇಂಗ್ಲಿಷ್ ಕಾದಂಬರಿಗಳನ್ನು ಓದಿದ ಹಿರಿಯರು ಬಲ್ಲರು. ಈ ಸಲ ಆ ಶಬ್ದದ ಮೂಲವನ್ನು ನೋಡೋಣ.

ಇದು ಮೊದಲು ಮನುಷ್ಯನ ಹೆಸರು. ವಸ್ತುವಿನ ಹೆಸರಾದದ್ದು ಆಮೇಲೆ. ಚಾರ್ಲ್ಸ್ ಮ್ಯಾಕಿಂಟಾಷ್ (1766–1843) ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ರಸಾಯನ ತಜ್ಞ. ಬಣ್ಣದ ತಯಾರಿಕೆಗೆ ಅಮೋನಿಯ ಬೇಕೆಂದು ಆತ ಅನಿಲ ಕಾರ್ಖಾನೆಯವರು ಬೇಡವೆಂದ ಡಾಂಬರನ್ನು ಕೊಳ್ಳುತ್ತಿದ್ದ. ಅದರಿಂದ ನ್ಯಾಫ್ತಾ ಎಂಬ ಎಣ್ಣೆಯೂ ದೊರೆಯುತ್ತಿತ್ತು. ಅದರಲ್ಲಿ ರಬ್ಬರನ್ನು ಕರಗಿಸಿ, ಎರಡು ಬಟ್ಟೆಗಳ ನಡುವೆ ಬಳಿದು ಒತ್ತಿದ. ಅಂಟು ಒಳಗೆ, ಬಟ್ಟೆ ಹೊರಗೆ. ಮೈಗೆ ಅಂಟದು, ನೀರೂ ಇಳಿಯದು! 1823ರಲ್ಲಿ ಇದಕ್ಕೆ ಪೇಟೆಂಟ್ ಪಡೆದ.

ಆದರೆ ಹಿರಿಮೆಯೆಲ್ಲ ಆತನೊಬ್ಬನದೇ ಅಲ್ಲ. ಡಾಂಬರಿನ ಎಣ್ಣೆಯಲ್ಲಿ ರಬ್ಬರು ಕರಗುವುದೆಂದು 1818ರಲ್ಲೇ ಕಂಡುಕೊಂಡವನು ಎಡಿನ್‌ಬರೋದ ಜೇಮ್ಸ್ ಸೈಮ್ ಎಂಬ ವೈದ್ಯ ವಿದ್ಯಾರ್ಥಿ. ಅವರಿಬ್ಬರಿಗೂ ಎಷ್ಟೋ ಮೊದಲು ದಕ್ಷಿಣ ಅಮೆರಿಕದ ಮೂಲನಿವಾಸಿಗಳು ಬಟ್ಟೆಗೆ ರಬ್ಬರಿನ ಹಾಲು ಬಳಿಯುತ್ತಿದ್ದರು. ಮೊದಮೊದಲ ಕೋಟುಗಳು ನಾರುತ್ತಿದ್ದವು, ಸೆಕೆಗೆ ಮೆತ್ತಗಾಗುತ್ತಿದ್ದವು, ಚಳಿಗೆ ಸೆಟೆಯುತ್ತಿದ್ದವು. ದರ್ಜಿಯ ಸೂಜಿ ಹೊಕ್ಕ ತೂತುಗಳಲ್ಲಿ ನೀರು ಜಿನುಗುತ್ತಿತ್ತು. 1840ರ ದಶಕದಲ್ಲಿ ರಬ್ಬರನ್ನು ಗಂಧಕದೊಡನೆ ಕಾಯಿಸಿ ಹದಗೊಳಿಸುವ ವಿದ್ಯೆ ಬಂದಮೇಲೆ ಈ ಕಾಟ ತಗ್ಗಿತು. ಇಷ್ಟು ಜನರ ದುಡಿಮೆಯಲ್ಲಿ ಉಳಿದದ್ದು ಒಬ್ಬನ ಹೆಸರು. ಅದೂ ನೆಟ್ಟಗೆ ಉಳಿಯಲಿಲ್ಲ; ಆತನ ಹೆಸರಿನಲ್ಲಿಲ್ಲದ ‘ಕೆ’ ಅಕ್ಷರವೊಂದು ಕೋಟಿನ ಹೆಸರಿನ ನಡುವೆ ಸೇರಿಕೊಂಡಿತು!

ಕೋಟಿನ ಹೆಸರಾಗಿ ಈ ಶಬ್ದ ನಮ್ಮಲ್ಲಿ ಹೆಚ್ಚು ನಿಲ್ಲಲಿಲ್ಲ. ಆದರೆ ಆಸ್ಪತ್ರೆಗೆ ಹೋಗಿ ನೋಡಿ: ರೋಗಿಯ ಹಾಸಿಗೆ ನೆನೆಯದಂತೆ ಹಾಸುವ ರಬ್ಬರು ಹಾಳೆಗೆ ನಮ್ಮ ದಾದಿಯರು ಈಗಲೂ ‘ಮ್ಯಾಕಿಂಟಾಷ್’ ಎನ್ನುತ್ತಾರೆ.

ದಿಲ್ಲಿಯ ನಮ್ಮ ಬಂಧುಗಳಿಗೆ ‘ಬರಸಾತಿ’ ಗೊತ್ತು. ಬರಸಾತ್ ಎಂದರೆ ಮಳೆ. ಮಳೆಯಂಗಿಯೂ ಬರಸಾತಿಯೇ, ಮಾಳಿಗೆಯ ಮೇಲಿನ ಬಾಡಿಗೆ ಕೋಣೆಯೂ ಬರಸಾತಿಯೇ.

ನಮ್ಮ ಕನ್ನಡವೇನು ಬಡವಾಗಿತ್ತೆ? ಕಂಬಳಿಯ ತುದಿ ಮಡಿಸಿ ತಲೆಗೆ ಹೊದ್ದರೆ ಅದು ಕೊಪ್ಪೆ. ಉಣ್ಣೆಯ ಸಹಜವಾದ ಜಿಡ್ಡು ಹನಿಗಳನ್ನು ಜಾರಿಸುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಬಿದಿರಿನ ಹಂದರಕ್ಕೆ ಎಲೆ ಹೊದಿಸಿ ಮಾಡಿದ ಗೊರಬು ಇತ್ತು. ಅದು ನೆತ್ತಿಯಿಂದ ಬೆನ್ನಿನವರೆಗೆ ಮುಚ್ಚುವುದರಿಂದ ನಾಟಿ ಮಾಡುವವಳ ಎರಡು ಕೈಗಳೂ ಬಿಡುವಾಗಿರುತ್ತಿದ್ದವು. ಕೊಂಕಣದ ಮರಾಠಿ ರೈತರು ಇಂಥದನ್ನೇ ‘ಇರಲೆ’ ಎನ್ನುತ್ತಾರೆ.

ಕೊಪ್ಪೆಗೂ ಗೊರಬಿಗೂ ಪೇಟೆಂಟ್ ಇಲ್ಲ, ಮಾಡಿದವರ ಹೆಸರೂ ಇಲ್ಲ. ಪರವೂರಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಕೊಪ್ಪೆ ಹೊದೆಯುವ ಪ್ರಸಂಗ ಬಾರದಿರಬಹುದು. ಹೊದೆಯದಿದ್ದರೆ ನಷ್ಟವಿಲ್ಲ, ಆದರೆ ಹೇಳದಿದ್ದರೆ ಮಾತೇ ಹೋಗುತ್ತದೆ. ಈ ಮಳೆಗಾಲದಲ್ಲಿ ಮನೆಯ ಅಜ್ಜ ಅಜ್ಜಿಯರನ್ನು ಕೇಳಿ: ನಿಮ್ಮೂರಲ್ಲಿ ಮಳೆಗೆ ಏನು ಹೊದೆಯುತ್ತಿದ್ದರು, ಅದಕ್ಕೆ ಏನೆನ್ನುತ್ತಿದ್ದರು? ಊರಿನ ಹೆಸರಿನೊಡನೆ ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕಿಸೋಣ.