ಮನೆಯೊಳಗಣ ಗೋಪುರ

ಆನವಟ್ಟಿಯ ಪೇಟೆಬೀದಿಯಲ್ಲಿ ನಿಚ್ಚಳವಾಗಿ ಕೇಳುವ ಮೊಬೈಲಿನ ಮಾತು, ಅಡಕೆ ತೋಟದಂಚಿನ ಮಣ್ಣುಗೋಡೆಯ ಮನೆಯನ್ನು ಹೊಕ್ಕೊಡನೆ ಕ್ಷೀಣಿಸಿ ಕಡಿದುಹೋಗುವುದನ್ನು ಬಲ್ಲವರು, ಗೋಪುರವನ್ನೇ ಮನೆಯೊಳಗೆ ಏಕೆ ತಂದಿರಿಸಿಕೊಳ್ಳಬಾರದೆಂದು ಕೇಳಿದರೆ ಅದನ್ನು ಅನುಚಿತವೆನ್ನಲಾಗದು. ಆದರೆ ಆ ಗೋಪುರದ ಒಡೆತನ ಯಾರ ಕೈಯಲ್ಲಿರುವುದೆಂಬುದನ್ನೂ ವಿಚಾರಿಸಿಕೊಳ್ಳುವುದು ವಿವೇಕ.

ಸಂಪರ್ಕವನ್ನು ಮನೆಯೊಳಗೆ ತರುವ ಯಂತ್ರಗಳಲ್ಲಿ ಎರಡು ಬಗೆ. ಬಂದ ತರಂಗವನ್ನು ವರ್ಧಿಸಿ ದಾಟಿಸುವ ಬೂಸ್ಟರಿಗೆ ಮಾತಿನ ಮರ್ಮ ತಿಳಿಯದು. ಅದರ ದೋಷವೆಂದರೆ ನೆರೆಹೊರೆಯವರ ಸಂಪರ್ಕವನ್ನು ಕೆಡಿಸುವುದು. ಅನುಮತಿಯಿಲ್ಲದೆ ಅದನ್ನಿರಿಸಿಕೊಳ್ಳುವುದು 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಯಂತೆ ದಂಡನಾರ್ಹವಾಗಿತ್ತು. 2023ರ ದೂರಸಂಪರ್ಕ ಕಾಯ್ದೆಯಂತೆಯೂ ದಂಡನಾರ್ಹವೇ. ಫೆಮ್ಟೋಸೆಲ್ ಎಂಬುದಾದರೋ ಕಂಪನಿಯ ಗೋಪುರದ ಅಣುರೂಪ: ಫೋನು ಗೂಢಲಿಪಿಯಲ್ಲಿ ಕಳುಹಿದ ಮಾತು ಅದರೊಳಗೆ ಬಿಡಿಸಲ್ಪಟ್ಟು, ಮತ್ತೊಂದು ಗೂಢಲಿಪಿಯನ್ನು ಧರಿಸಿ ಇಂಟರ್‌ನೆಟ್ಟಿನ ಮೂಲಕ ಕಂಪನಿಯನ್ನು ಸೇರುತ್ತದೆ. ಮುದ್ರೆಯೊತ್ತಿದ ಅಂಚೆಚೀಲವನ್ನು ಯಾರದೋ ಜಗಲಿಯ ಮೇಲೆ ಬಿಚ್ಚಿ ಪುನಃ ಕಟ್ಟುವ ಪರಿಯಿದು.

ಬಿಚ್ಚಿದ ಚೀಲದೊಳಗೆ ಕೈಹಾಕಬಹುದೆಂಬುದು ಬೇಗನೆ ಸಿದ್ಧವಾಯಿತು. ಬ್ರಿಟನ್ನಿನ ವೊಡಾಫೋನ್ ಮಾರಿದ ಯಂತ್ರವನ್ನು ಭೇದಿಸಿದ ಬಗೆ 2011ರಲ್ಲಿ ಬಹಿರಂಗವಾಯಿತು. ಅದೇ ವರುಷ ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾನಿಲಯದ ರವಿಶಂಕರ್ ಬೋರ್ಗಾಂವ್‌ಕರ್, ನಿಕೋ ಗೋಲ್ಡೆ, ಕೆವಿನ್ ರೆಡೋನ್ ಅವರು ಫ್ರಾನ್ಸಿನ ಎಸ್‌ಎಫ್‌ಆರ್ ಕಂಪನಿಯ ಯಂತ್ರವನ್ನು ವಶಪಡಿಸಿಕೊಂಡು, ಅದರಿಂದ ಕದ್ದಾಲಿಸುವುದು ಸಾಧ್ಯವೆಂದು ತೋರಿದರು. 2013ರಲ್ಲಿ ಅಮೆರಿಕದ ವೆರೈಝನ್ನಿನ ಯಂತ್ರದ ತಳದಲ್ಲಿದ್ದ ಎಚ್‌ಡಿಎಂಐ ರಂಧ್ರದ ಮೂಲಕ ಒಳಹೊಕ್ಕ ಐಸೆಕ್ ಸಂಸ್ಥೆಯ ಸಂಶೋಧಕರು ಕರೆ, ಸಂದೇಶ, ಚಿತ್ರಗಳನ್ನು ಹಿಡಿದರು. ಸಮೀಪಕ್ಕೆ ಬಂದ ಫೋನುಗಳು ಒಡೆಯನ ಅರಿವಿಲ್ಲದೆಯೇ ಆ ಯಂತ್ರಕ್ಕೆ ಅಂಟಿಕೊಳ್ಳುತ್ತಿದ್ದವು. ಕಂಪನಿಗಳು ದೋಷವನ್ನು ತಿದ್ದಿದುವು, ನಿಜ. ಆದರೆ ಇಲ್ಲಿ ಸೋತದ್ದು ಗೂಢಲಿಪಿಯ ಗಣಿತವಲ್ಲ. ಅಪರಿಚಿತನ ಕೈಯಲ್ಲಿ ಹಗಲಿರುಳೂ ಇರುವ ಪೆಟ್ಟಿಗೆಯು ತನ್ನ ರಹಸ್ಯವನ್ನು ಕಾಯ್ದುಕೊಂಡೀತೆಂಬ ನಂಬಿಕೆ.

ಆದಕಾರಣ, ಬ್ರಾಡ್‌ಬ್ಯಾಂಡ್ ಬಂದಿರುವ ಮನೆಗಳಲ್ಲಿ ಏರ್‌ಟೆಲ್ 2019ರಲ್ಲಿಯೂ ಜಿಯೋ 2020ರಲ್ಲಿಯೂ ಆರಂಭಿಸಿದ ವೈಫೈ ಕರೆಯೇ ಲೇಸು: ಅಲ್ಲಿ ಗೂಢಮಾರ್ಗವು ಫೋನಿನಿಂದಲೇ ಹೊರಟು ಕಂಪನಿಯ ಕೇಂದ್ರವನ್ನು ಮುಟ್ಟುವುದರಿಂದ, ನಡುವಣ ಪೆಟ್ಟಿಗೆಗೆ ಮಾತನ್ನು ಬಿಡಿಸುವ ಅಧಿಕಾರವೇ ಇಲ್ಲ. ಬ್ರಾಡ್‌ಬ್ಯಾಂಡೂ ಇಲ್ಲದ ಹಳ್ಳಿಗಳವರು ಅಗ್ಗದ ಬೂಸ್ಟರಿಗೆ ಮರುಳಾಗದೆ, ಬಯಲಿನಲ್ಲಿ ನಿಲ್ಲುವ ನಿಜವಾದ ಗೋಪುರವನ್ನೇ ಹಕ್ಕಿನಿಂದ ಕೇಳತಕ್ಕದ್ದು.