ಹಾರತಕ್ಕ ಮಾದರಿ ಬೇಕು

ವಿಜ್ಞಾನ ಪ್ರದರ್ಶನಗಳ ಕಾಲ ಬಂದಿತೆಂದರೆ ನಮ್ಮ ಪ್ರೌಢಶಾಲೆಗಳಲ್ಲಿ ಥರ್ಮಾಕೋಲಿನಿಂದ ಕೆತ್ತಿ, ಬಣ್ಣ ಬಳಿದು, ತ್ರಿವರ್ಣಧ್ವಜದ ಚೀಟಿಯನ್ನು ಅಂಟಿಸಿದ ಪಿ.ಎಸ್.ಎಲ್.ವಿ. ರಾಕೆಟ್ಟಿನ ಮಾದರಿಗಳು ಮೇಜುಗಳ ಮೇಲೆ ತಲೆಯೆತ್ತಿ ನಿಲ್ಲುತ್ತವೆ. ಪಕ್ಕದಲ್ಲಿ ನಿಂತ ವಿದ್ಯಾರ್ಥಿನಿಯು ನಾಲ್ಕು ಹಂತಗಳ ವಿವರವನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿ ಬಹುಮಾನವನ್ನೂ ಪಡೆಯುತ್ತಾಳೆ. ಆ ಶ್ರಮವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಮೇಜಿನ ಮೇಲಿನ ಮಾದರಿಯಲ್ಲಿ ತಪ್ಪಿದ್ದರೆ ಅದನ್ನು ಪರೀಕ್ಷಕರು ಹೇಳಬೇಕೇ ಹೊರತು ಮಾದರಿಯು ಹೇಳಲಾರದು. ಹಾರತಕ್ಕ ಮಾದರಿಯಾದರೋ, ತನ್ನ ದೋಷವನ್ನು ಇಡೀ ಶಾಲೆಯ ಎದುರಿಗೆ ತಾನೇ ಸಾರಿಬಿಡುತ್ತದೆ.

ಆ ಪಿ.ಎಸ್.ಎಲ್.ವಿ.ಯನ್ನೇ ತೆಗೆದುಕೊಳ್ಳೋಣ. ಅದರ ಎತ್ತರ 44 ಮೀಟರು, ವ್ಯಾಸ 2.8 ಮೀಟರು, ಐವತ್ತರಲ್ಲೊಂದು ಪ್ರಮಾಣಕ್ಕೆ ಇಳಿಸಿದರೆ 88 ಸೆಂಟಿಮೀಟರು ಉದ್ದದ, ಐದೂವರೆ ಸೆಂಟಿಮೀಟರಿಗಿಂತ ತುಸು ದಪ್ಪನಾದ ಕಾಗದದ ಕೊಳವೆಯಾಗುತ್ತದೆ. ಆಕಾರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಇದನ್ನು ರಚಿಸಿ, ಬುಡದಲ್ಲಿ ಮದ್ದು ತುಂಬಿದ ಮೋಟಾರನ್ನಿಟ್ಟು ಹಾರಿಸಿದರೆ, ಅದು ಉಡಾವಣೆಯ ಕಂಬಿಯನ್ನು ಬಿಟ್ಟ ಕ್ಷಣದಲ್ಲೇ ಲಾಗ ಹಾಕತೊಡಗುತ್ತದೆ. ಗಾಳಿಯ ಒತ್ತಡವೆಲ್ಲ ಒಟ್ಟಾಗಿ ವರ್ತಿಸುವ ಬಿಂದುವು ಗುರುತ್ವಕೇಂದ್ರಕ್ಕಿಂತ ಹಿಂದೆ ಇದ್ದರೆ ಮಾತ್ರ ಓರೆಯಾದ ಮೂತಿಯು ಮತ್ತೆ ನೇರವಾದೀತು. ಬಾಲರೆಕ್ಕೆಗಳಿಲ್ಲದ ನುಣುಪು ಕೊಳವೆಯಲ್ಲಿ ಆ ಬಿಂದುವು ಮುಂದಕ್ಕೆ ಸರಿದಿರುತ್ತದೆ. ದೀಪಾವಳಿಯ ರಾಕೆಟ್ಟಿಗೆ ಉದ್ದನೆಯ ಕಡ್ಡಿಯನ್ನು ಕಟ್ಟುವುದೂ, ಹೈದರನ ಮತ್ತು ಟಿಪ್ಪುವಿನ ಸೈನಿಕರು ಕಬ್ಬಿಣದ ಕೊಳವೆಯ ಬಾಣಗಳಿಗೆ ಬಿದಿರಿನ ಗಳುವನ್ನು ಬಿಗಿಯುತ್ತಿದ್ದುದೂ ಈ ಸ್ಥಿರತೆಗಾಗಿಯೇ.

ಹಾಗಾದರೆ ನಿಜವಾದ ಪಿ.ಎಸ್.ಎಲ್.ವಿ.ಗೆ ರೆಕ್ಕೆ ಏಕಿಲ್ಲವೆಂಬ ಪ್ರಶ್ನೆಯು ಹುಡುಗರ ಬಾಯಿಂದ ತಾನಾಗಿಯೇ ಹೊರಡುತ್ತದೆ. ಅದರೊಳಗಿನ ಯಂತ್ರಗಳು ಓರೆಯನ್ನು ಕ್ಷಣಕ್ಷಣವೂ ಅಳೆದು, ಮೊದಲ ಹಂತದಲ್ಲಿ ನಳಿಕೆಯ ಪಕ್ಕದಿಂದ ದ್ರವವನ್ನು ಚಿಮ್ಮಿಸಿ, ಎರಡನೆಯದರಲ್ಲಿ ಎಂಜಿನ್ನನ್ನೇ ಹೊರಳಿಸಿ, ಜ್ವಾಲೆಯ ದಿಕ್ಕನ್ನು ತಿದ್ದುತ್ತವೆ. ಮಾದರಿಗೆ ಆ ಬುದ್ಧಿಯಿಲ್ಲದ ಕಾರಣ, ದೂರಕ್ಕೆ ಕಾಣದಂತೆ ಪಾರದರ್ಶಕ ಪ್ಲಾಸ್ಟಿಕ್ಕಿನ ರೆಕ್ಕೆಗಳನ್ನು ಅಂಟಿಸಿ, ಮೂತಿಯೊಳಗೆ ಜೇಡಿಮಣ್ಣಿನ ಉಂಡೆಯನ್ನು ತುರುಕಬೇಕು. ಬಳಿಕ ಸಮತೋಲ ಬಿಂದುವಿಗೆ ದಾರವನ್ನು ಕಟ್ಟಿ ತಲೆಯ ಸುತ್ತ ಬೀಸಿ ನೋಡತಕ್ಕದ್ದು. ಮೂತಿ ಮುಂದಾಗಿ ಸುತ್ತಿದರೆ ಹಾರಲು ಯೋಗ್ಯ, ಅಡ್ಡಡ್ಡ ಸುತ್ತಿದರೆ ಇನ್ನಷ್ಟು ಮಣ್ಣು. ಹತ್ತು ಪುಟಗಳ ಪಾಠದಲ್ಲಿ ಹಿಡಿಯದ ವಿಷಯವು ಆ ಮಣ್ಣಿನ ಉಂಡೆಯಲ್ಲಿದೆ.

ಅಪಾಯದ ಮಾತೇನು ಎಂದು ತಾಯಿತಂದೆಗಳು ಕೇಳುವುದು ನ್ಯಾಯವೇ. 1957ರ ಅಕ್ಟೋಬರಿನಲ್ಲಿ ಸ್ಪುಟ್ನಿಕ್ ಮೇಲೇರಿದ ಕಾಲದಲ್ಲಿ ಅಮೆರಿಕದ ಹುಡುಗರು ಲೋಹದ ಕೊಳವೆಗಳಿಗೆ ಸತುವಿನ ಪುಡಿಯನ್ನೂ ಗಂಧಕವನ್ನೂ ತುಂಬಿ ಕೈಬೆರಳುಗಳನ್ನು ಕಳೆದುಕೊಳ್ಳುತ್ತಿದ್ದರು. ಇದಕ್ಕೆ ಪರಿಹಾರವನ್ನು ಆಗಲೇ ಕಂಡುಕೊಂಡಿದ್ದವನು ಯಾವ ಪ್ರಾಧ್ಯಾಪಕನೂ ಅಲ್ಲ. ನೆಬ್ರಾಸ್ಕದ ನಾರ್ಫೋಕ್ ಪಟ್ಟಣದಲ್ಲಿ ಪಾದರಕ್ಷೆಗಳ ಅಂಗಡಿಯನ್ನಿಟ್ಟಿದ್ದ ಆರ್ವಿಲ್ ಕಾರ್ಲೈಲ್. ಬಾಣಬಿರುಸುಗಳ ಶೋಕಿಯುಳ್ಳ ಈತ 1954ರಲ್ಲಿ, ವಿಮಾನದ ಮಾದರಿಗಳನ್ನು ಮಾಡುತ್ತಿದ್ದ ತನ್ನ ಸೋದರನಿಗಾಗಿ, ಹಗುರವಾದ ಕಾಗದದ ರಾಕೆಟ್ಟನ್ನು ರಚಿಸಿ, ಬದಲಿಸಬಹುದಾದ ಸಿದ್ಧ ಮೋಟಾರನ್ನೂ ಮರಳಿ ಇಳಿಸಲು ಪ್ಯಾರಾಶೂಟನ್ನೂ ಅಳವಡಿಸಿದ. ವೈಟ್ ಸ್ಯಾಂಡ್ಸ್ ಕ್ಷಿಪಣಿ ನೆಲೆಯಲ್ಲಿದ್ದ ಹ್ಯಾರಿ ಸ್ಟೈನ್ ಇದರ ಮಹತ್ತ್ವವನ್ನು ಗುರುತಿಸಿ ಸುರಕ್ಷತೆಯ ನಿಯಮಗಳನ್ನು ರೂಪಿಸಿದ. ವರ್ನ್ ಎಸ್ಟೆಸ್ ಮೋಟಾರುಗಳನ್ನು ಒಂದೇ ಅಚ್ಚಿನಂತೆ ತಯಾರಿಸುವ ಯಂತ್ರವನ್ನು ಕಟ್ಟಿದ. ಮದ್ದನ್ನು ಕೈಯಿಂದ ಅರೆಯಕೂಡದು, ಲೋಹದ ಒಡಲು ಕೂಡದು, ಬೆಂಕಿಕಡ್ಡಿ ಕೂಡದು, ಐದು ಮೀಟರಾದರೂ ದೂರ ನಿಂತು ವಿದ್ಯುತ್ತಿನ ಗುಂಡಿಯಿಂದಲೇ ಹೊತ್ತಿಸಬೇಕು ಎಂಬ ಕಟ್ಟುಪಾಡು ಅಲ್ಲಿ ಇಂದಿಗೂ ಉಂಟು.

ನಮ್ಮ ತೊಡಕು ಬೇರೆ. ಕಾಗದ, ಅಂಟು, ಬಾಲ್ಸಾ ಮರ ಎಲ್ಲವೂ ದೊರೆತಾವು. ಆ ಸಿದ್ಧ ಮೋಟಾರು ಮಾತ್ರ ನಮ್ಮ ಪೇಟೆಗಳಲ್ಲಿ ಸುಲಭವಾಗಿ ದೊರೆಯದು, ಮದ್ದಿನ ವಸ್ತುವೆಂದಮೇಲೆ 1884ರ ಸ್ಫೋಟಕ ಕಾಯಿದೆಯೂ ಬಾಗಿಲಲ್ಲೇ ನಿಂತಿರುತ್ತದೆ. ಆದುದರಿಂದ ಉತ್ಸಾಹಿಗಳಾದ ಉಪಾಧ್ಯಾಯರು ಸೋಡಾ ಬಾಟಲಿಗೆ ನೀರನ್ನೂ ಗಾಳಿಯನ್ನೂ ತುಂಬಿ ಹಾರಿಸುತ್ತಾರೆ. ಅದು ಒಳ್ಳೆಯ ಆರಂಭವೇ. ನ್ಯೂಟನ್ನನ ಮೂರನೆಯ ನಿಯಮಕ್ಕೆ ಬಾಟಲಿ ಸಾಕು. ಪಟಾಕಿಯ ಮದ್ದನ್ನು ಬಿಚ್ಚಿ ತುಂಬುವ ಸಾಹಸವನ್ನು ಮಾತ್ರ ಯಾರೂ ಎಂದೂ ಮಾಡಕೂಡದು.

ಮೋಟಾರು ದೊರೆತ ದಿನ ಯಾವ ಮಾದರಿಯಿಂದ ಆರಂಭಿಸಬೇಕೆಂದು ಕೇಳಿದರೆ, ನಾನು ಪಿ.ಎಸ್.ಎಲ್.ವಿ.ಯನ್ನಲ್ಲ, ಕೇರಳದ ಥುಂಬಾದಿಂದ ವಾಯುಮಂಡಲದ ಶೋಧನೆಗಾಗಿ ಹಾರುತ್ತ ಬಂದ ರೋಹಿಣಿ 200ನ್ನು ಹೇಳುತ್ತೇನೆ. ಅದರ ಉದ್ದ ಸುಮಾರು 3.6 ಮೀಟರು; ಎಂಟರಲ್ಲೊಂದು ಪ್ರಮಾಣಕ್ಕೆ ಇಳಿಸಿದರೆ ಹುಡುಗನೊಬ್ಬನು ಕಂಕುಳಲ್ಲಿಟ್ಟುಕೊಂಡು ಶಾಲೆಗೆ ತರಬಹುದಾದ 45 ಸೆಂಟಿಮೀಟರು. ಅದಕ್ಕೆ ನಿಜವಾದ ಬಾಲರೆಕ್ಕೆಗಳೇ ಇರುವುದರಿಂದ ಪ್ಲಾಸ್ಟಿಕ್ಕಿನ ಕಪಟವೂ ಬೇಕಾಗಿಲ್ಲ. ನೂರು ಮೀಟರು ದೂರದಲ್ಲಿ ನಿಂತ ಗೆಳತಿಯು ಕೋನಮಾಪಕಕ್ಕೆ ದಾರವನ್ನೂ ಕಲ್ಲನ್ನೂ ತೂಗುಬಿಟ್ಟು ಮೇಲ್ತುದಿಯ ಕೋನವನ್ನು ಓದಿದರೆ, ಹತ್ತನೆಯ ತರಗತಿಯ ತ್ರಿಕೋನಮಿತಿಯಿಂದ ಹಾರಿದ ಎತ್ತರವು ಸಿಕ್ಕಿಬಿಡುತ್ತದೆ.

ಇಸ್ರೋದ ಕೇಂದ್ರ ಕಾರ್ಯಾಲಯವು ಬೆಂಗಳೂರಿನಲ್ಲಿದೆ. ಮದ್ದಿನ ಕೆಲಸವನ್ನು ಬಲ್ಲ ಕುಶಲಿಗಳು ಶಿವಕಾಶಿಯಲ್ಲಿದ್ದಾರೆ. ಶಿಕ್ಷಣ ಇಲಾಖೆಯು ಈ ಇಬ್ಬರನ್ನೂ ಸ್ಫೋಟಕ ನಿಯಂತ್ರಣದ ಅಧಿಕಾರಿಗಳನ್ನೂ ಒಂದೆಡೆ ಕೂಡಿಸಿ, ಪರೀಕ್ಷಿತವಾದ ಒಂದೇ ಒಂದು ಸಣ್ಣ ಮೋಟಾರಿಗೆ ಅನುಮತಿಯನ್ನು ದೊರಕಿಸಿ, ತರಬೇತಿ ಪಡೆದ ಉಪಾಧ್ಯಾಯರ ವಶದಲ್ಲಿ ಮಾತ್ರ ಅದಿರುವಂತೆ ಏರ್ಪಡಿಸಲಿ. ಮೊದಲ ವರ್ಷ ಜಿಲ್ಲೆಗೊಂದು ಶಾಲೆಯಾದರೂ ಸಾಕು.